ಮೂರು ದಿನಕ್ಕೊಂದು ನಡೆ

ಸುರೇಬಾನದಂಥ ಸಣ್ಣ ಊರಲ್ಲಿ ಚೆಸ್ ಕಲಿಯುವುದು ಕಷ್ಟವಲ್ಲ. ಶಾಲೆಯಲ್ಲೋ ಮನೆಯ ಅಣ್ಣನಿಂದಲೋ ಕುದುರೆಯ ಜಿಗಿತ, ಒಂಟೆಯ ಓರೆ ದಾರಿ ವಾರದೊಳಗೆ ಕೈವಶವಾಗುತ್ತವೆ. ಓಣಿಯಲ್ಲಿ ಆಡುವ ನಾಲ್ಕೈದು ಮಂದಿಯನ್ನು ಸೋಲಿಸಿದ ಮೇಲೆ ಕಷ್ಟ ಶುರುವಾಗುತ್ತದೆ. ಮುಂದೆ ಯಾರ ಜೊತೆ ಆಡುವುದು? ಪಂದ್ಯಾವಳಿ ಎಂದರೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. ಅದಕ್ಕೆ ಒಂದು ಇಡೀ ಭಾನುವಾರ, ಬಸ್ಸಿನ ಖರ್ಚು, ಪ್ರವೇಶ ಶುಲ್ಕ, ಮನೆಯವರ ಒಪ್ಪಿಗೆ ಎಲ್ಲವೂ ಕೂಡಿಬರಬೇಕು. ಫೋನಿನಲ್ಲಿ ಐದು ನಿಮಿಷದ ಆಟ ಆಡಬಹುದು ನಿಜ. ಆದರೆ ಅದರಲ್ಲಿ ಕೈ ಚುರುಕಾಗುತ್ತದೆ, ಯೋಚನೆ ಬೆಳೆಯುವುದಿಲ್ಲ. ನಡುವೆ ನೆಟ್‌ವರ್ಕ್ ಹೋದರೆ ಗೆದ್ದ ಆಟವೂ ಸೋಲು.

ಇಂಥವರಿಗಾಗಿಯೇ ಇರುವುದು ನಿಧಾನದ ಚೆಸ್. ಒಂದು ನಡೆಗೆ ನಿಮಿಷಗಳ ಬದಲು ದಿನಗಳ ಗಡುವು. ಹಿಂದೆ ಅಂಚೆ ಕಾರ್ಡು ಬರೆದು ಆಡುತ್ತಿದ್ದರು, ಈಗ ಹೆಚ್ಚಾಗಿ ಫೋನಿನಲ್ಲಿ. ಎಸ್ಟೋನಿಯಾದ ಪಾಲ್ ಕೆರೆಸ್ ಬೆಳೆದದ್ದು ಪ್ಯಾರ್ನು ಎಂಬ ಸಣ್ಣ ಪಟ್ಟಣದಲ್ಲಿ. ಅಲ್ಲಿ ತಕ್ಕ ಎದುರಾಳಿಗಳು ಸಿಗದೆ ಆ ಹುಡುಗ ಅಂಚೆಯಲ್ಲಿ ಆಡತೊಡಗಿದ. ಒಂದು ಕಾಲಕ್ಕೆ ಏಕಕಾಲದಲ್ಲಿ 150ರಷ್ಟು ಆಟಗಳು ನಡೆಯುತ್ತಿದ್ದವಂತೆ. 1938ರಲ್ಲಿ ಹಾಲೆಂಡಿನ ಆವ್ರೊ ಪಂದ್ಯಾವಳಿಯಲ್ಲಿ, ಆ ಕಾಲದ ಅತಿರಥರೆಲ್ಲ ಕೂತಿದ್ದ ಕಡೆ, ಆತ ರೂಬೆನ್ ಫೈನ್ ಜೊತೆ ಮೊದಲ ಸ್ಥಾನ ಹಂಚಿಕೊಂಡ. ಆಗ ಅವನಿಗೆ 22 ವರ್ಷ. ಮುಂದೆ ಅವನ ದೇಶ ತನ್ನ ಐದು ಕ್ರೂನಿನ ನೋಟಿನ ಮೇಲೆ ಅವನ ಮುಖ ಅಚ್ಚುಹಾಕಿತು. ಸಣ್ಣ ಊರು ಚೆಸ್ಸಿಗೆ ಅಡ್ಡಿ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಪ್ಯಾರ್ನು ನೆನಪಾಗುತ್ತದೆ.

ಆದರೆ ಈ ಆಟಕ್ಕೆ ಕೈಹಾಕಿದ ಹೊಸಬರಲ್ಲಿ ಬಹಳ ಮಂದಿ ಸೋಲುವುದು ಎದುರಾಳಿಯ ಜಾಣತನಕ್ಕಲ್ಲ, ಗಡುವಿಗೆ. ಉತ್ಸಾಹದಲ್ಲಿ ಹದಿನೈದು ಆಟ ಶುರುಮಾಡುತ್ತಾರೆ. ಮೂರನೇ ವಾರ ಮನೆಯಲ್ಲಿ ಮದುವೆ ಬರುತ್ತದೆ. ತಿಂಗಳು ತುಂಬುವಷ್ಟರಲ್ಲಿ ಅರ್ಧ ಆಟಗಳು ಸಮಯ ಮೀರಿ ಹೋಗಿರುತ್ತವೆ, ಅವುಗಳಲ್ಲಿ ಗೆಲ್ಲುತ್ತಿದ್ದವೂ ಇರುತ್ತವೆ. ಆದ್ದರಿಂದ ಈ ಲೇಖನದಲ್ಲಿ ಓಪನಿಂಗುಗಳ ಗೊಡವೆಗೆ ಹೆಚ್ಚು ಹೋಗುವುದಿಲ್ಲ. ದಿನಗಳನ್ನು ಹೇಗೆ ಲೆಕ್ಕ ಹಾಕಬೇಕು, ಯಾವ ಅಭ್ಯಾಸಗಳು ಉಳಿಸುತ್ತವೆ ಎನ್ನುವುದನ್ನೇ ಹೇಳುತ್ತೇನೆ.

ಎರಡು ಬಗೆಯ ಗಡುವು

ಮೊದಲನೆಯದು ನಡೆಗಿಷ್ಟು ದಿನ ಎಂಬ ಲೆಕ್ಕ. ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಒಂದು ನಡೆಗೆ 1, 2, 3, 5, 7, 10 ಅಥವಾ 14 ದಿನ ಆರಿಸಿಕೊಳ್ಳಬಹುದು. ಚೆಸ್ ಡಾಟ್ ಕಾಮ್‌ನಲ್ಲಿ ಇದಕ್ಕೆ ಡೈಲಿ ಎಂದು ಹೆಸರು, ಅಲ್ಲಿಯೂ 1ರಿಂದ 14 ದಿನದವರೆಗೆ ಆಯ್ಕೆಗಳಿವೆ. ಎದುರಾಳಿ ನಡೆದ ಗಳಿಗೆಯಿಂದ ನಿಮ್ಮ ಗಡಿಯಾರ ಓಡುತ್ತದೆ. ನೀವು ಹತ್ತೇ ನಿಮಿಷದಲ್ಲಿ ಉತ್ತರಿಸಿದರೂ ಉಳಿದ ಸಮಯ ನಿಮಗೆ ಜಮೆಯಾಗುವುದಿಲ್ಲ, ಮುಂದಿನ ನಡೆಗೆ ಮತ್ತೆ ಅಷ್ಟೇ ದಿನ.

ಎರಡನೆಯದು ಗಂಟಿನ ಲೆಕ್ಕ. ಐಸಿಸಿಎಫ್ ಎಂಬ ಅಂತರರಾಷ್ಟ್ರೀಯ ಅಂಚೆ ಚೆಸ್ ಒಕ್ಕೂಟ 1951ರಿಂದ ಇದೆ. ಅದರ ಸರ್ವರಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಗಡುವು 10 ನಡೆಗೆ 50 ದಿನ. ಕಾರ್ಡಿನಲ್ಲಿ ಆಡುವಾಗ 10 ನಡೆಗೆ 30 ದಿನ, ಕಾರ್ಡು ದಾರಿಯಲ್ಲಿ ಕಳೆದ ದಿನಗಳು ಅದರಲ್ಲಿ ಸೇರುವುದಿಲ್ಲ. ಇಲ್ಲಿ ಉಳಿಸಿದ ದಿನ ನಿಮ್ಮ ಗಂಟಿನಲ್ಲೇ ಇರುತ್ತದೆ. ಮೊದಲ ಹತ್ತು ನಡೆಗೆ 12 ದಿನ ಬಳಸಿದರೆ ಮುಂದಿನ ಹತ್ತಕ್ಕೆ 88 ದಿನ ಕೈಯಲ್ಲಿರುತ್ತವೆ. ಸರ್ವರಿನಲ್ಲಿ ದಿನ ಎಂದರೆ ಪೂರ್ಣ 24 ಗಂಟೆ, ಅದರೊಳಗೆ ಉತ್ತರಿಸಿದರೆ ಬಳಸಿದ್ದು ಸೊನ್ನೆ ದಿನ. ಆದರೆ ಒಂದೇ ನಡೆಯ ಮೇಲೆ 20 ದಿನ ದಾಟಿ ಕೂತರೆ ಆಮೇಲಿನ ದಿನಗಳು ಎರಡರಷ್ಟು ಎಣಿಕೆಯಾಗುತ್ತವೆ. 26 ದಿನ ಯೋಚಿಸಿದರೆ ಗಂಟಿನಿಂದ ಹೋಗುವುದು 32 ದಿನ.

ಈ ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ, ಹೊಸಬರಿಗೆ ಮೊದಲನೆಯದು ಎಂದೇ ನನ್ನ ಉತ್ತರ. ಗಂಟಿನ ಲೆಕ್ಕದಲ್ಲಿ ಮನಸ್ಸು ಮೋಸಹೋಗುತ್ತದೆ. 50 ದಿನ ಎಂಬ ದೊಡ್ಡ ಸಂಖ್ಯೆ ಕಂಡು ಮೊದಲೆರಡು ನಡೆಗಳಿಗೇ ಇಪ್ಪತ್ತು ದಿನ ಕರಗಿಸಿದವರು ಆಟ ಬಿಗಿಯಾಗುವ ಹೊತ್ತಿಗೆ ದಿನಕ್ಕೊಂದು ನಡೆ ಆಡುವ ಗತಿಗೆ ಬರುತ್ತಾರೆ.

ಆಟ ಎಷ್ಟು ಕಾಲ ನಡೆಯುತ್ತದೆ ಎಂಬುದನ್ನೂ ಮೊದಲೇ ತಿಳಿದಿರಬೇಕು. ಇಬ್ಬರೂ 40 ನಡೆ ಆಡುವ ಆಟದಲ್ಲಿ ಒಟ್ಟು 80 ನಡೆಗಳು. ಇಬ್ಬರೂ ಗಡುವಿನ ಕೊನೆಯವರೆಗೆ ಎಳೆದರೆ ಮೂರು ದಿನದ ಆಟಕ್ಕೆ 240 ದಿನ, ಅಂದರೆ ಎಂಟು ತಿಂಗಳು. ಹದಿನಾಲ್ಕು ದಿನದ ಆಟಕ್ಕೆ 1120 ದಿನ, ಮೂರು ವರ್ಷಕ್ಕೂ ಮೇಲೆ. ಇದು ಗರಿಷ್ಠ ಲೆಕ್ಕ, ನಿಜದಲ್ಲಿ ಬೇಗ ಮುಗಿಯುತ್ತದೆ. ಆದರೂ ದೊಡ್ಡ ಪಂದ್ಯಾವಳಿಗಳು ವರ್ಷಗಟ್ಟಲೆ ನಡೆದದ್ದುಂಟು. ಮೊದಲ ವಿಶ್ವ ಅಂಚೆ ಚೆಸ್ ಚಾಂಪಿಯನ್ ಆದ ಆಸ್ಟ್ರೇಲಿಯಾದ ಸೆಸಿಲ್ ಪರ್ಡಿ 1950ರಲ್ಲಿ ಶುರುವಾದ ಅಂತಿಮ ಸುತ್ತನ್ನು ಗೆದ್ದದ್ದು 1953ರಲ್ಲಿ. ಹತ್ತನೇ ಅಂಚೆ ಒಲಿಂಪಿಯಾಡ್ ಶುರುವಾದದ್ದು 1987ರಲ್ಲಿ, ಮುಗಿದದ್ದು 1995ರಲ್ಲಿ. ಅದರಲ್ಲಿ ಕಂಚು ಪಡೆದ ಪೂರ್ವ ಜರ್ಮನಿ ಎಂಬ ದೇಶವೇ ಅಷ್ಟರಲ್ಲಿ ಭೂಪಟದಿಂದ ಹೋಗಿ ಐದು ವರ್ಷವಾಗಿತ್ತು.

ದಿನ ಎಣಿಸಬೇಡಿ, ಕೂರುವ ಹೊತ್ತು ಎಣಿಸಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಮೂರು ದಿನ ಎಂದರೆ 72 ಗಂಟೆ ಎಂದುಕೊಳ್ಳುವುದರಿಂದ ಪ್ರಯೋಜನವಿಲ್ಲ. ಅದರಲ್ಲಿ ನೀವು ಹಲಗೆಯ ಮುಂದೆ ನಿಜವಾಗಿ ಕೂರುವುದು ಎಷ್ಟು ಸಲ?

ಮಗ್ಗ ನಿಲ್ಲಿಸಿ, ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಕೂರುವವರ ಉದಾಹರಣೆ ತೆಗೆದುಕೊಳ್ಳಿ. ಎದುರಾಳಿ ಮಂಗಳವಾರ ಮಧ್ಯಾಹ್ನ ಎರಡಕ್ಕೆ ನಡೆದ. ಮೂರು ದಿನದ ಗಡುವು ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ನಿಮಗೆ ಸಿಗುವುದು ಮಂಗಳವಾರ, ಬುಧವಾರ, ಗುರುವಾರದ ರಾತ್ರಿ, ಮೂರು ಸಲ. ಶುಕ್ರವಾರ ರಾತ್ರಿಯೂ ಇದೆ ಎಂದುಕೊಂಡವರು ಸೋಲುತ್ತಾರೆ. ಈಗ ಒಂದು ದಿನದ ಆಟ ನೋಡಿ. ಎದುರಾಳಿ ರಾತ್ರಿ 9:20ಕ್ಕೆ, ನೀವು ಫೋನ್ ಎತ್ತಿಟ್ಟ ಮೇಲೆ ನಡೆದರೆ, ಮರುದಿನ ಒಂಬತ್ತಕ್ಕೆ ಕೂತಾಗ ಉಳಿದಿರುವುದು ಇಪ್ಪತ್ತೇ ನಿಮಿಷ. ಆ ಹೊತ್ತಿಗೆ ಕರೆಂಟು ಹೋಗಿ ಟವರಿನ ಸಿಗ್ನಲ್ಲೂ ಹೋದರೆ ಆಟವೇ ಹೋಯಿತು. ದಿನಕ್ಕೆ ಒಂದೇ ಸಲ ಕೂರುವವರು ಒಂದು ದಿನದ ಗಡುವನ್ನು ಮುಟ್ಟಲೇಬಾರದು. ಎರಡು ದಿನದ ಗಡುವಿನಲ್ಲಿಯೂ ಸಿಗುವುದು ಎರಡೇ ಸಲ. ಮೂರು ದಿನ ಅವರಿಗೆ ಕನಿಷ್ಠ.

ಭಾನುವಾರ ಮಾತ್ರ ಬಿಡುವಿರುವವರ ಲೆಕ್ಕ ಬೇರೆ. ಐದು ದಿನದ ಗಡುವಿನಲ್ಲಿ ಎದುರಾಳಿ ಸೋಮವಾರ ನಡೆದರೆ ಶನಿವಾರಕ್ಕೆ ಸಮಯ ಮುಗಿದೇಹೋಗುತ್ತದೆ, ಭಾನುವಾರ ಬರುವುದೇ ಇಲ್ಲ. ಏಳು ದಿನದ ಗಡುವಿನಲ್ಲಿ ಒಂದು ಭಾನುವಾರ ಖಂಡಿತ. ಹದಿನಾಲ್ಕರಲ್ಲಿ ಎರಡು. ಒಂದು ಭಾನುವಾರ ಯೋಚಿಸಿ, ಇನ್ನೊಂದು ಭಾನುವಾರ ಕಳಿಸುವ ಸುಖ ಬೇಕಾದವರು ಹದಿನಾಲ್ಕನ್ನೇ ಆರಿಸಲಿ. 10 ನಡೆಗೆ 50 ದಿನದ ಗಂಟು ಅವರಿಗೆ ಅಪಾಯದ್ದು. ಎದುರಾಳಿ ಪ್ರತಿ ಸಲ ಸೋಮವಾರವೇ ಉತ್ತರಿಸುತ್ತ ಹೋದರೆ ನಡೆಗೆ ಆರು ದಿನದಂತೆ ಹತ್ತು ನಡೆಗೆ 60 ದಿನ ಬೇಕು, ಇರುವುದು 50. ದಿನಾ ಕೂರುವವರಿಗಾದರೆ ಅದೇ ಗಂಟು ಎಂದೂ ಖಾಲಿಯಾಗದಂತಿರುತ್ತದೆ, ಏಕೆಂದರೆ ಅವರ ಎಷ್ಟೋ ನಡೆಗಳು ಸೊನ್ನೆ ದಿನದಲ್ಲಿ ಹೋಗುತ್ತವೆ.

ಇನ್ನು ಆಟಗಳ ಸಂಖ್ಯೆ. ಒಳ್ಳೆಯ ಒಂದು ನಡೆಗೆ ಕಾಲು ಗಂಟೆಯಾದರೂ ಕೊಡಬೇಕು, ಬಿಗಿಯಾದ ಸ್ಥಿತಿಗೆ ಅದರ ಎರಡು ಮೂರು ಪಟ್ಟು. ರಾತ್ರಿ ಒಂದು ಗಂಟೆ ಬಿಡುವಿದ್ದರೆ ನಾಲ್ಕು ನಡೆ. ಆರು ಆಟಗಳಿದ್ದರೆ ಅವುಗಳಲ್ಲಿ ನಾಲ್ಕು ಯಾವುದೇ ದಿನ ನಿಮ್ಮ ಸರದಿಯಲ್ಲಿರಬಹುದು, ಆದ್ದರಿಂದ ಆರೇ ಮೇಲ್ಮಿತಿ. ಶುರುವಿಗೆ ಎರಡು ಸಾಕು. ಅವು ಇಪ್ಪತ್ತನೇ ನಡೆಗೆ ಮುಟ್ಟಿದ ಮೇಲೆ ಮೂರನೆಯದನ್ನು ತೆಗೆದುಕೊಳ್ಳಿ. ಆರಂಭದ ನಡೆಗಳು ಸರಸರನೆ ಹೋಗುವುದರಿಂದ ಮೊದಲ ವಾರ ಕೆಲಸವೇ ಇಲ್ಲವೆನಿಸುತ್ತದೆ. ಆ ಭ್ರಮೆಯಲ್ಲಿ ಇನ್ನೂ ಹತ್ತು ಆಟ ಸೇರಿಸಿದವರಿಗೆ ತಿಂಗಳ ಕೊನೆಗೆ ಎಲ್ಲ ಆಟಗಳೂ ಒಟ್ಟಿಗೇ ಬಿಗಿಯಾಗುತ್ತವೆ. ಕೆರೆಸ್‌ನ 150ನ್ನು ಯಾರೂ ಮಾದರಿಯಾಗಿ ತೆಗೆದುಕೊಳ್ಳಬಾರದು.

ನಮ್ಮ ಭಾಗದ ಪಂಚಾಂಗವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹೊಸ್ತಿಲ ಹುಣ್ಣಿಮೆಗೆ ಗೊಡಚಿ ವೀರಭದ್ರನ ಜಾತ್ರೆ, ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿ ಎಲ್ಲಮ್ಮನ ಗುಡ್ಡ. ನಡುವೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವುದು, ಅದರ ಬೆನ್ನಿಗೇ ಹಿಂಗಾರಿ ಜೋಳದ ಸುಗ್ಗಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಒಂದಿಲ್ಲೊಂದು ಕಾರಣಕ್ಕೆ ಮನೆ ತುಂಬಿರುತ್ತದೆ. ಆ ತಿಂಗಳುಗಳಲ್ಲಿ ಹೊಸ ಪಂದ್ಯಾವಳಿಗೆ ಸೇರುವುದಾದರೆ ಏಳು ದಿನಕ್ಕಿಂತ ಕಡಿಮೆಯದು ಬೇಡ. ನೇಕಾರರು ಹಬ್ಬ ಮತ್ತು ಮದುವೆ ಸೀಸನ್ನಿನ ಸೀರೆಯ ಆರ್ಡರುಗಳು ಕೂಡುವ ವಾರಗಳನ್ನೂ, ಮಕ್ಕಳು ಪರೀಕ್ಷೆಯ ಮಾರ್ಚನ್ನೂ ಹೀಗೇ ಗುರುತು ಹಾಕಿಕೊಳ್ಳಬೇಕು. ಚೆಸ್ ಡಾಟ್ ಕಾಮ್‌ನಲ್ಲೂ ಐಸಿಸಿಎಫ್‌ನಲ್ಲೂ ರಜೆ ಹಾಕುವ ಸೌಲಭ್ಯವಿದೆ. ಲಿಚೆಸ್‌ನಲ್ಲಿ ರಜೆ ಎಂಬುದಿಲ್ಲ, ಅಲ್ಲಿ ಗಡುವನ್ನೇ ಉದ್ದವಾಗಿ ಆರಿಸಿಕೊಳ್ಳಬೇಕು. ರಜೆ ಇರುವ ಕಡೆಯೂ ಅದನ್ನು ಜಾತ್ರೆಯ ಹಿಂದಿನ ದಿನವೇ ಹಾಕಿ ಹೊರಡಿ. ಗುಡ್ಡದ ಜನಸಂದಣಿಯಲ್ಲಿ ಫೋನ್ ಹಿಡಿದು ರಜೆ ಹಾಕಲು ಹೋದರೆ ಸಿಗ್ನಲ್ ಕೈಕೊಡುವುದು ಆಗಲೇ.

ಆಡುವಾಗಿನ ಅಭ್ಯಾಸಗಳು

ನಿಧಾನದ ಚೆಸ್ಸಿನಲ್ಲಿ ಬರೆದಿಡದವನಿಗೆ ಉಳಿಗಾಲವಿಲ್ಲ. ಮೂರು ದಿನದ ಹಿಂದೆ ಆ ಕಾಲಾಳನ್ನು ಏಕೆ ಮುಂದೆ ತಳ್ಳಿದಿರಿ ಎನ್ನುವುದು ಇಂದು ನೆನಪಿರುವುದಿಲ್ಲ. ಆಗ ಯೋಚನೆಯನ್ನೆಲ್ಲ ಮೊದಲಿನಿಂದ ಮಾಡಬೇಕು, ಇಲ್ಲವೇ ಹಳೆಯ ಯೋಜನೆ ಮರೆತು ಹೊಸದೊಂದಕ್ಕೆ ಹೊರಳಬೇಕು. ಹತ್ತು ಆಟ ನೋಡಿದರೆ ಏಳರಲ್ಲಿ ಈ ಹೊರಳಾಟವೇ ಸೋಲಿಗೆ ದಾರಿ ಮಾಡಿಕೊಟ್ಟಿರುತ್ತದೆ ಎಂಬುದು ನನ್ನ ಅನಿಸಿಕೆ. ಇನ್ನೂರು ಪುಟದ ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ಆಟಕ್ಕೆ ನಾಲ್ಕು ಪುಟ. ಪ್ರತಿ ನಡೆಯ ಎದುರು ಎರಡು ಸಾಲು ಸಾಕು: ನನ್ನ ಉದ್ದೇಶ ಏನು, ಎದುರಾಳಿಯಿಂದ ಯಾವ ಉತ್ತರಕ್ಕೆ ಹೆದರುತ್ತೇನೆ. ಆಪುಗಳಲ್ಲಿಯೂ ಆಟದ ಪಕ್ಕಕ್ಕೆ ಟಿಪ್ಪಣಿ ಬರೆಯುವ ಜಾಗವಿದೆ, ಎದುರಾಳಿಗೆ ಅದು ಕಾಣುವುದಿಲ್ಲ. ಆದರೆ ಕೈಯಲ್ಲಿ ಬರೆದದ್ದು ಮನಸ್ಸಿನಲ್ಲಿ ಹೆಚ್ಚು ನಿಲ್ಲುತ್ತದೆ.

ಎರಡನೆಯ ಅಭ್ಯಾಸ, ರಾತ್ರಿ ನಿರ್ಧರಿಸಿ ಬೆಳಿಗ್ಗೆ ಕಳಿಸುವುದು. ದಣಿದ ಕಣ್ಣಿಗೆ ಕಾಣದ ಕುದುರೆ ಬೆಳಗಿನ ಚಹಾದ ಹೊತ್ತಿಗೆ ಎದುರಿಗೇ ನಿಂತಿರುತ್ತದೆ. ನಡೆ ಕಳಿಸುವ ಮುಂಚೆ ಮೂರೇ ಪ್ರಶ್ನೆ ಕೇಳಿಕೊಳ್ಳಿ: ಎದುರಾಳಿ ಚೆಕ್ ಕೊಡಬಲ್ಲನೇ? ಏನನ್ನಾದರೂ ಹೊಡೆಯಬಲ್ಲನೇ? ಅವನ ಹಿಂದಿನ ನಡೆಯ ಉದ್ದೇಶಕ್ಕೆ ನಾನು ಉತ್ತರ ಕೊಟ್ಟಿದ್ದೇನೆಯೇ? ಫೋನಿನ ಸೆಟ್ಟಿಂಗಿನಲ್ಲಿ ನಡೆಯನ್ನು ಖಚಿತಪಡಿಸಿ ಕಳಿಸುವ ಆಯ್ಕೆಯನ್ನು ಮರೆಯದೆ ಹಾಕಿಕೊಳ್ಳಿ. ಬೆರಳು ಜಾರಿ ರಾಣಿಯನ್ನು ತಪ್ಪು ಮನೆಯಲ್ಲಿ ಇಟ್ಟರೆ ವಾರಗಟ್ಟಲೆಯ ಕೆಲಸ ನೀರುಪಾಲು. ಸಾಧ್ಯವಾದರೆ ನಿಜವಾದ ಹಲಗೆಯ ಮೇಲೆ ಕಾಯಿ ಜೋಡಿಸಿ ನೋಡಿ. ಜೋಡಿಸಿದ ಮೇಲೆ ಫೋನಿನ ಸ್ಥಿತಿಯೊಂದಿಗೆ ಒಮ್ಮೆ ತಾಳೆ ಹಾಕಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಎರಡು ಸಲ.

ಸಮಯವನ್ನು ಎಲ್ಲ ನಡೆಗೂ ಸಮನಾಗಿ ಹಂಚಬೇಡಿ. ಕಾಯಿಗೆ ಕಾಯಿ ಹೊಡೆಯಲೇಬೇಕಾದ ಕಡೆ ಎರಡು ನಿಮಿಷ ಸಾಕು. ಓಪನಿಂಗಿನಲ್ಲಿ ಪುಸ್ತಕ ತೆಗೆದು ನೋಡುವುದಕ್ಕೆ ಲಿಚೆಸ್, ಚೆಸ್ ಡಾಟ್ ಕಾಮ್ ಎರಡೂ ಕಡೆ ಅನುಮತಿ ಇದೆ. ಎದುರಿಗೆ ಕೂತು ಆಡುವ ಚೆಸ್ಸಿನಲ್ಲಿ ಇದು ಇಲ್ಲ. ಆ ಅವಕಾಶವನ್ನು ಪೂರ್ತಿ ಬಳಸಿ, ಆದರೆ ಪುಸ್ತಕದ ನಡೆಯನ್ನು ಏಕೆಂದು ತಿಳಿಯದೆ ನಕಲು ಮಾಡಬೇಡಿ, ಪುಸ್ತಕ ಮುಗಿದ ಮರುನಡೆಗೇ ಕತ್ತಲಾಗುತ್ತದೆ. ಹೀಗೆ ಉಳಿಸಿದ ಹೊತ್ತನ್ನು ಆಟದ ತಿರುವುಗಳಿಗೆ ಕೊಡಿ: ರಾಣಿಗಳನ್ನು ಬದಲಾಯಿಸುವ ಮುಂಚೆ, ಕಾಲಾಳುಗಳ ಸಾಲು ಬಿಗಿಯಾಗಿ ಮುಚ್ಚಿಹೋಗುವ ಮುಂಚೆ, ಅಂತ್ಯದಾಟಕ್ಕೆ ಇಳಿಯುವ ಮುಂಚೆ. ಕಾಲಾಳು ಒಮ್ಮೆ ಮುಂದೆ ಹೋದರೆ ಹಿಂದೆ ಬರುವುದಿಲ್ಲ, ಹಾಗಾಗಿ ಕಾಲಾಳಿನ ನಡೆಗೆ ಯಾವಾಗಲೂ ಒಂದು ರಾತ್ರಿ ಹೆಚ್ಚು ಕೊಡಿ.

ಷರತ್ತಿನ ನಡೆ ಎಂಬುದೊಂದಿದೆ. ನೀವು ಹೀಗೆ ಹೊಡೆದರೆ ನಾನು ಹಾಗೆ ಹೊಡೆಯುತ್ತೇನೆ ಎಂದು ಮುಂಗಡವಾಗಿ ಹೇಳಿಡುವುದು. ಎರಡೂ ಜಾಲತಾಣಗಳಲ್ಲಿ ಇದಕ್ಕೆ ವ್ಯವಸ್ಥೆ ಇದೆ, ಎದುರಾಳಿ ಆ ನಡೆ ಆಡಿದ ತಕ್ಷಣ ನಿಮ್ಮ ಉತ್ತರ ತಾನಾಗಿ ಹೋಗುತ್ತದೆ. ಬೇರೆ ದಾರಿಯೇ ಇಲ್ಲದ ಕಡೆ ಮಾತ್ರ ಬಳಸಿ.

ಎಂಜಿನ್, ಅಂದರೆ ಒಳ್ಳೆಯ ನಡೆ ಹುಡುಕಿಕೊಡುವ ಕಂಪ್ಯೂಟರ್ ಪ್ರೋಗ್ರಾಂ, ಅದರ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಐಸಿಸಿಎಫ್‌ನಲ್ಲಿ ಕಂಪ್ಯೂಟರಿನ ಸಹಾಯಕ್ಕೆ ಅನುಮತಿ ಇದೆ, ಆದ್ದರಿಂದ ಅಲ್ಲಿ ಮೇಲಿನ ಹಂತದ ಬಹುಪಾಲು ಆಟಗಳು ಡ್ರಾ ಆಗುತ್ತವೆ. ಲಿಚೆಸ್, ಚೆಸ್ ಡಾಟ್ ಕಾಮ್‌ಗಳಲ್ಲಿ ಅನುಮತಿ ಇಲ್ಲ, ಸಿಕ್ಕಿಬಿದ್ದರೆ ಖಾತೆ ಹೋಗುತ್ತದೆ. ಕಲಿಯುವ ಮಗುವಿನ ಫೋನಿನಲ್ಲಿ ಆಟ ನಡೆಯುತ್ತಿರುವಾಗ ಎಂಜಿನ್ ತೆರೆಯದಂತೆ ಹಿರಿಯರು ಮೊದಲ ದಿನವೇ ಕೂರಿಸಿಕೊಂಡು ಹೇಳಬೇಕು. ಮೂರು ದಿನ ತಲೆ ಕೆಡಿಸಿಕೊಂಡು ತಾನೇ ಕಂಡುಕೊಂಡ ನಡೆಯ ಸಂತೋಷ ಆ ಮಗುವಿನಿಂದ ತಪ್ಪಿಹೋಗಬಾರದು.

ಕಾರ್ಡಿನಲ್ಲಿ ಶಾಲೆಯಿಂದ ಶಾಲೆಗೆ

ಇದು ನನಗೆ ತುಂಬಾ ಇಷ್ಟವಾದ ಭಾಗ, ಸುರೇಬಾನದ ಶಿಕ್ಷಕರು ಯಾರಾದರೂ ಇದನ್ನು ಮಾಡಿನೋಡಲಿ ಎಂಬ ಆಸೆಯೂ ಇದೆ. ಒಂದು ತರಗತಿ ಸುರೇಬಾನದಲ್ಲಿ, ಇನ್ನೊಂದು ಬೈಲಹೊಂಗಲದಲ್ಲೋ ಕಿತ್ತೂರಿನಲ್ಲೋ ಸವದತ್ತಿಯಲ್ಲೋ. ಎರಡೂ ಕಡೆ ಮಕ್ಕಳು ಕೂಡಿ ಚರ್ಚಿಸಿ ಒಂದು ನಡೆ ನಿರ್ಧರಿಸುತ್ತಾರೆ, 50 ಪೈಸೆಯ ಪೋಸ್ಟ್ ಕಾರ್ಡಿನಲ್ಲಿ ಬರೆದು ಹಾಕುತ್ತಾರೆ. ಊರು ಊರಿನ ನಡುವೆ ಹೀಗೆ ಆಡುವುದು ಹೊಸದಲ್ಲ. 1824ರಿಂದ 1828ರವರೆಗೆ ಎಡಿನ್‌ಬರೊ ಮತ್ತು ಲಂಡನ್ ಕ್ಲಬ್ಬುಗಳು ಪತ್ರದಲ್ಲಿ ಆಡಿದವು, ಎಡಿನ್‌ಬರೊ ಗೆದ್ದಿತು. ಸ್ಕಾಚ್ ಗೇಮ್ ಎಂಬ ಓಪನಿಂಗಿಗೆ ಹೆಸರು ಬಂದದ್ದು ಆ ಪಂದ್ಯದಿಂದಲೇ. ನಮ್ಮ ದಖ್ಖನ್ ಕಡೆಯೂ 1828ರ ಹೊತ್ತಿಗೆ ಮದರಾಸು ಮತ್ತು ಹೈದರಾಬಾದಿನ ನಡುವೆ ಟಪಾಲಿನಲ್ಲಿ ಎರಡು ಆಟ ನಡೆದವು. ಮದರಾಸಿನ ಗುಲಾಂ ಕಾಸಿಂ, ಜೇಮ್ಸ್ ಕಾಕ್ರೇನ್ ಜೊತೆ ಸೇರಿ, ಆ ಆಟಗಳನ್ನೂ ಒಳಗೊಂಡ ಪುಸ್ತಕವನ್ನು 1829ರಲ್ಲಿ ಮದರಾಸಿನಲ್ಲೇ ಅಚ್ಚು ಹಾಕಿಸಿದ.

ಕಾರ್ಡಿನಲ್ಲಿ ನಡೆ ಬರೆಯಲು ಅಂಕಿಗಳ ಪದ್ಧತಿ ಸುಲಭ. ಐಸಿಸಿಎಫ್ ಭಾಷೆಯ ಗೊಂದಲ ಬೇಡವೆಂದು ಇದನ್ನೇ ಬಳಸಿತು. ಬಿಳಿಯ ಕಡೆಯಿಂದ ನೋಡಿದಾಗ ಎಡದಿಂದ ಬಲಕ್ಕೆ ನಿಲುಸಾಲುಗಳಿಗೆ 1ರಿಂದ 8, ಕೆಳಗಿನಿಂದ ಮೇಲಕ್ಕೆ ಅಡ್ಡಸಾಲುಗಳಿಗೆ 1ರಿಂದ 8. ಪ್ರತಿ ಮನೆಗೂ ಎರಡು ಅಂಕಿ, ಹೊರಟ ಮನೆ ಮತ್ತು ತಲುಪಿದ ಮನೆ ಸೇರಿ ನಡೆಗೆ ನಾಲ್ಕು ಅಂಕಿ. ರಾಜನ ಮುಂದಿನ ಬಿಳಿ ಕಾಲಾಳು ಎರಡು ಮನೆ ನಡೆದರೆ 5254. ಕಪ್ಪು ಅದಕ್ಕೆ ಅದೇ ರೀತಿ ಉತ್ತರಿಸಿದರೆ 5755. ಕ್ಯಾಸಲಿಂಗ್ ಆದಾಗ ರಾಜನ ಚಲನೆ ಮಾತ್ರ ಬರೆಯುತ್ತಾರೆ, ಬಿಳಿಗೆ ರಾಜನ ಪಕ್ಕದ್ದಾದರೆ 5171. ಕಾಲಾಳು ಕೊನೆಯ ಮನೆ ಮುಟ್ಟಿದಾಗ ಐದನೇ ಅಂಕಿ ಸೇರುತ್ತದೆ: ರಾಣಿಗೆ 1, ಆನೆಗೆ 2, ಒಂಟೆಗೆ 3, ಕುದುರೆಗೆ 4. ಸ್ಕಾಚ್ ಗೇಮ್ ಹೀಗೆ ಶುರುವಾಗುತ್ತದೆ: 5254 5755, 7163 2836, 4244 5544, 6344. ಹಲಗೆ ತೆಗೆದು ಇದನ್ನು ಆಡಿನೋಡಿ, ಹತ್ತು ನಿಮಿಷದಲ್ಲಿ ಪದ್ಧತಿ ಕೈಗೆ ಬರುತ್ತದೆ.

ಕಾರ್ಡಿನಲ್ಲಿ ಇಷ್ಟು ಇರಲೇಬೇಕು: ಎದುರಾಳಿಯ ಹಿಂದಿನ ನಡೆಯ ಪುನರುಕ್ತಿ, ಅವರ ಕಾರ್ಡು ಕೈಗೆ ಬಂದ ತಾರೀಖು, ನಾವು ಉತ್ತರ ಹಾಕಿದ ತಾರೀಖು, ನಮ್ಮ ನಡೆ, ಬಳಸಿದ ದಿನ, ಈವರೆಗಿನ ಒಟ್ಟು ದಿನ. ಉದಾಹರಣೆಗೆ: “ನಿಮ್ಮ 7ನೇ ನಡೆ 7866. ಬಂದದ್ದು ಜುಲೈ 14. ಉತ್ತರ ಜುಲೈ 16. ನಮ್ಮ 8ನೇ ನಡೆ 5171. ಬಳಸಿದ್ದು 2 ದಿನ, ಒಟ್ಟು 11.” ಹಿಂದಿನ ನಡೆಯನ್ನು ಮತ್ತೆ ಬರೆಯುವುದು ವ್ಯರ್ಥವೆಂದು ಬಿಡಬೇಡಿ. ಅಂಕಿ ತಪ್ಪಿದ್ದರೆ ಸಿಕ್ಕಿಬೀಳುವುದು ಅಲ್ಲಿಯೇ. ಬಂದ ಕಾರ್ಡುಗಳನ್ನೆಲ್ಲ ದಾರಕ್ಕೆ ಪೋಣಿಸಿ ತರಗತಿಯಲ್ಲಿ ತೂಗುಹಾಕಿ, ತಕರಾರು ಬಂದರೆ ಅವೇ ದಾಖಲೆ.

ಈಗ ವರ್ಷದ ಲೆಕ್ಕ. ಜೂನ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಸುಮಾರು 260 ದಿನ. ದಸರಾ ರಜೆಗೆಂದು ಇಪ್ಪತ್ತು ಕಳೆಯೋಣ, ಉಳಿದದ್ದು 240. ಕಾರ್ಡು ಹೋಗಲು ಮೂರು ದಿನ, ಯೋಚಿಸಲು ಎರಡು ದಿನ ಎಂದು ಹಿಡಿದರೆ ಒಂದು ನಡೆಗೆ ಐದು ದಿನ. ಒಟ್ಟು 48 ನಡೆ, ಒಬ್ಬೊಬ್ಬರಿಗೆ 24. ಮೇಲೆ ಬರೆದ ಸ್ಕಾಚ್ ಗೇಮಿನ ಏಳು ನಡೆಗಳನ್ನು ಮೊದಲೇ ಒಪ್ಪಿಕೊಂಡು ಅಲ್ಲಿಂದ ಶುರುಮಾಡಿದರೆ ಪರೀಕ್ಷೆಗೆ ಮುಂಚೆ 27ನೇ ನಡೆಯವರೆಗೆ ಮುಟ್ಟಬಹುದು. ಶಾಲಾ ಮಕ್ಕಳ ಆಟ ಅಷ್ಟರೊಳಗೆ ಒಂದು ಕಡೆ ವಾಲಿರುತ್ತದೆ. ಮುಗಿಯದೆ ಉಳಿದರೆ ಇಬ್ಬರೂ ಒಪ್ಪುವ ಬಲ್ಲವರೊಬ್ಬರಿಗೆ ಸ್ಥಿತಿ ತೋರಿಸಿ ತೀರ್ಪು ಪಡೆಯುವುದು ಹಳೆಯ ಅಂಚೆ ಪಂದ್ಯಾವಳಿಗಳ ಕ್ರಮ. ಮದರಾಸು, ಹೈದರಾಬಾದಿನವರಂತೆ ಎರಡು ಆಟ ಒಟ್ಟಿಗೆ ಆಡಿ, ಒಂದರಲ್ಲಿ ನಿಮಗೆ ಬಿಳಿ, ಇನ್ನೊಂದರಲ್ಲಿ ಅವರಿಗೆ. ಎರಡೂ ನಡೆ ಒಂದೇ ಕಾರ್ಡಿನಲ್ಲಿ ಹೋಗುತ್ತವೆ, ಖರ್ಚು ಹೆಚ್ಚುವುದಿಲ್ಲ, ಅವರಿಗೇ ಬಿಳಿ ಸಿಕ್ಕಿತೆಂಬ ದೂರೂ ಇರುವುದಿಲ್ಲ. ಷರತ್ತಿನ ನಡೆ ಇಲ್ಲಿ ಬಲು ಉಪಯುಕ್ತ. “ನೀವು 5544 ಹೊಡೆದರೆ ನಾವು 6344” ಎಂದು ಒಂದು ಸಾಲು ಸೇರಿಸಿದರೆ ಒಂದು ಕಾರ್ಡಿನ ಹೋಗಿಬರುವ ದಿನಗಳೇ ಉಳಿಯುತ್ತವೆ. ಆದರೆ ಬರೆದು ಹಾಕಿದ ಷರತ್ತು ನಿಮ್ಮನ್ನು ಕಟ್ಟುತ್ತದೆ, ಹಿಂತೆಗೆಯುವಂತಿಲ್ಲ.

ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಗೆಳೆಯರ ಜೊತೆ ಇದೇ ಆಟವನ್ನು ವಾಟ್ಸಾಪಿನಲ್ಲಿ ಆಡಬಹುದು. ಹಲಗೆಯ ಫೋಟೊ ಕಳಿಸಿದರೂ ನಾಲ್ಕು ಅಂಕಿಯನ್ನು ಜೊತೆಗೆ ಬರೆಯಿರಿ, ಮತ್ತು ಕಳಿಸಿದ ನಡೆಯನ್ನು ಅಳಿಸುವಂತಿಲ್ಲ ಎಂದು ಶುರುವಿನಲ್ಲೇ ಒಪ್ಪಿಕೊಳ್ಳಿ.

ಎದುರಾಳಿಯೂ ಕಾಯುತ್ತಿರುತ್ತಾನೆ

ಈ ಆಟದಲ್ಲಿ ಮನಸ್ಸಿಗೆ ನೋವು ಕೊಡುವುದು ಸೋಲಲ್ಲ, ಎದುರಾಳಿಯ ಮೌನ. ಸೋಲು ಖಚಿತವಾದ ಮೇಲೆ ಕೆಲವರು ಪ್ರತಿ ನಡೆಗೂ ಗಡುವಿನ ಕೊನೆಯ ಗಂಟೆಯವರೆಗೆ ಎಳೆಯುತ್ತಾರೆ. ಅಂತರರಾಷ್ಟ್ರೀಯ ಪಂದ್ಯಾವಳಿಗಳಲ್ಲಿಯೂ ಈ ಪಿಡುಗು ಇದೆ, ಅದರಿಂದ ಒಂದು ಆಟಕ್ಕಾಗಿ ಇಡೀ ಪಂದ್ಯಾವಳಿ ತಿಂಗಳುಗಟ್ಟಲೆ ನಿಂತದ್ದುಂಟು. ನಿಯಮದ ಪ್ರಕಾರ ಅದು ತಪ್ಪಲ್ಲದಿರಬಹುದು, ಆದರೆ ಎಂಟು ತಿಂಗಳು ನಿಮ್ಮೊಂದಿಗೆ ಆಡಿದವನಿಗೆ ಹಾಗೆ ಮಾಡಬಾರದು. ರಾಣಿ ಹೋಗಿದೆ, ಪ್ರತಿಯಾಗಿ ಏನೂ ಇಲ್ಲ ಎಂದಾದರೆ ಸೋಲೊಪ್ಪಿ, ಒಂದು ಸಾಲಿನ ಧನ್ಯವಾದ ಬರೆದು ಮುಂದಿನ ಆಟಕ್ಕೆ ಹೋಗಿ. ಹೋರಾಡಲು ಇನ್ನೂ ಏನಾದರೂ ಉಳಿದಿದ್ದರೆ ಆಡಿ, ಆದರೆ ಮೊದಲಿನ ವೇಗದಲ್ಲೇ ಆಡಿ. ಡ್ರಾ ಕೇಳಿ ಒಮ್ಮೆ ಬೇಡವೆನಿಸಿಕೊಂಡರೆ ಸ್ಥಿತಿ ಬದಲಾಗುವವರೆಗೆ ಮತ್ತೆ ಕೇಳಬೇಡಿ. ಊರಿಗೆ ಹೋಗುವುದಿದ್ದರೆ, ಆಸ್ಪತ್ರೆಯ ಓಡಾಟವಿದ್ದರೆ ಒಂದು ಮಾತು ತಿಳಿಸಿ. ಬಹಳ ಮಂದಿ ಖುಷಿಯಿಂದ ಕಾಯುತ್ತಾರೆ. ಐಸಿಸಿಎಫ್‌ನ ಧ್ಯೇಯವಾಕ್ಯವೇ ನಾವು ಗೆಳೆಯರು ಎಂಬ ಅರ್ಥದ ಲ್ಯಾಟಿನ್ ಮಾತು.

ಎದುರಾಳಿಯೇ ಸಮಯ ಮೀರುವುದೂ ಇದೆ. ಪಂದ್ಯಾವಳಿಯಲ್ಲಿ ಅಂಕ ತೆಗೆದುಕೊಳ್ಳಿ, ಅದರಲ್ಲಿ ಸಂಕೋಚ ಬೇಡ, ಉಳಿದ ಆಟಗಾರರಿಗೂ ಅದು ನ್ಯಾಯ. ಗೆಳೆಯರ ಆಟದಲ್ಲಾದರೆ ಫೋನು ಮಾಡಿ ಕೇಳಿ. ಚೆಸ್ ಡಾಟ್ ಕಾಮ್ ಪ್ರತಿಯೊಬ್ಬರ ಸಮಯ ಮೀರಿದ ಆಟಗಳ ಶೇಕಡಾವಾರು ಲೆಕ್ಕ ಇಡುತ್ತದೆ, ಎಷ್ಟೋ ಪಂದ್ಯಾವಳಿಗಳು ಅದು ಹೆಚ್ಚಿರುವವರನ್ನು ಒಳಗೆ ಬಿಡುವುದಿಲ್ಲ. ಹೊಸಬರು ತಮ್ಮ ರೇಟಿಂಗಿಗಿಂತ ಮೊದಲು ಕಾಪಾಡಿಕೊಳ್ಳಬೇಕಾದ ಅಂಕಿ ಅದು.

ಶುರುಮಾಡುವವರು ಲಿಚೆಸ್‌ನಿಂದ ಶುರುಮಾಡಲಿ, ಅದು ಪೂರ್ತಿ ಉಚಿತ, ಜಾಹೀರಾತಿಲ್ಲ. ಖಾತೆ ತೆರೆದು ಕರೆಸ್ಪಾಂಡೆನ್ಸ್ ಆರಿಸಿ, ದಿನಾ ಕೂರುವವರಾದರೆ ಮೂರು ದಿನ, ಭಾನುವಾರದವರಾದರೆ ಹದಿನಾಲ್ಕು ದಿನ ಹಾಕಿ ಎರಡು ಆಟ ತೆಗೆದುಕೊಳ್ಳಿ. ನೋಟಿಫಿಕೇಶನ್ ಆನ್ ಮಾಡಿ, ಅದರ ಮೇಲೆ ಮಾತ್ರ ನಂಬಿಕೆ ಇಡದೆ ನಿಮ್ಮ ಹೊತ್ತಿಗೆ ಫೋನಿನಲ್ಲಿ ಒಂದು ಅಲಾರಂ ಇಟ್ಟುಕೊಳ್ಳಿ. ಆಟ ಮುಗಿದ ಮೇಲೆ ಎಂಜಿನ್ ತೆರೆಯಿರಿ, ನೋಟುಬುಕ್ಕಿನಲ್ಲಿ ನೀವು ಬರೆದ ಎರಡೆರಡು ಸಾಲಿನೊಂದಿಗೆ ಅದರ ಅಭಿಪ್ರಾಯ ಹೋಲಿಸಿ. ಹೀಗೆ ಹತ್ತು ಆಟಗಳನ್ನು ಒಂದು ಸಲವೂ ಸಮಯ ಮೀರದೆ ಮುಗಿಸಿದವರು ಮುಂದೆ ಅಖಿಲ ಭಾರತ ಅಂಚೆ ಚೆಸ್ ಫೆಡರೇಶನ್ನಿನ ಮೂಲಕ ಐಸಿಸಿಎಫ್ ಪಂದ್ಯಾವಳಿಗಳಿಗೆ ಹೆಸರು ಕೊಡಬಹುದು. ಅಲ್ಲಿ ಒಂದು ಗುಂಪಿನಲ್ಲಿ ಹಲವು ಆಟಗಳು ಒಂದೇ ದಿನ ಶುರುವಾಗುತ್ತವೆ. ಹೆಸರು ಕೊಡುವ ಮುನ್ನ ಕೈಯಲ್ಲಿರುವ ಬೇರೆ ಆಟಗಳನ್ನು ಮುಗಿಸಿಕೊಳ್ಳಿ.